ಗೇಟು ಹಾಕಿದ ಮನೆಯ ನಾಯಿಗಳು

ಕರಿಯ ಮತ್ತು ಬ್ರೂನೊ ಒಂದೇ ಬೋಗುಣಿಗೆ ಬಾಯಿ ಹಾಕಿ ಉಣ್ಣುತ್ತಿದ್ದವು ಎಂದರೆ ಈಗ ನಮ್ಮ ಬೀದಿಯವರೇ ನಂಬುವುದಿಲ್ಲ. ಕರಿಯ ಅಪ್ಪಟ ಊರನಾಯಿ. ಶಿವಮೊಗ್ಗದ ಹೊರವಲಯದಲ್ಲಿ ನಾವು ಮನೆ ಕಟ್ಟಿಸುವಾಗ ಮರಳಿನ ರಾಶಿಯ ಮೇಲೆ ಮಲಗಿರುತ್ತಿದ್ದ ಮರಿ ಅದು. ಗಾರೆಯವರ ಬುತ್ತಿಯ ಮುದ್ದೆ ತಿಂದು ಬೆಳೆದು, ಗೃಹಪ್ರವೇಶದ ದಿನ ನಮಗಿಂತ ಮೊದಲೇ ಹೊಸಿಲು ದಾಟಿ ಒಳಗೆ ಕೂತಿತ್ತು. ಭಟ್ಟರು ಓಡಿಸಿದರು, ಅವರು ದಕ್ಷಿಣೆ ತೆಗೆದುಕೊಂಡು ಹೋದ ಮೇಲೆ ನಾವು ಕರೆದೆವು. ಬ್ರೂನೊ ಲ್ಯಾಬ್ರಡಾರ್. ನಮ್ಮ ಮನೆಯವರ ಆಫೀಸಿನವರೊಬ್ಬರು ವರ್ಗವಾಗಿ ಹೋಗುವಾಗ ಮರಿಯಾಗಿದ್ದಾಗಲೇ ಕೊಟ್ಟುಹೋದದ್ದು. ತೂಕದಲ್ಲಿ ಕರಿಯನ ಎರಡರಷ್ಟು, ಗತ್ತಿನಲ್ಲಿ ಅರ್ಧದಷ್ಟು. ಗುಡುಗು ಬಂದರೆ ಕರಿಯನ ಹೊಟ್ಟೆಗೆ ಮೂತಿ ಒತ್ತಿಕೊಂಡು ಮಲಗುತ್ತಿತ್ತು.

ಚಿನ್ನಿ ಬಂದದ್ದು ಯುಗಾದಿಯ ಆಸುಪಾಸಿನಲ್ಲಿ. ಹಾಲು ಹಾಕುವಾಕೆ ಸಂತೆಯಿಂದ ಬರುವಾಗ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಸಂತೆ ಮಾಳದಲ್ಲಿ ಆ ಹೊತ್ತಿಗೆ ಯಾವಾಗಲೂ ನಾಲ್ಕಾರು ಮರಿಗಳು ಬಿದ್ದಿರುತ್ತವೆ, ಎಲ್ಲವೂ ಹೆಣ್ಣೇ. ಕಾರ್ತಿಕದಲ್ಲಿ ಕೂಡಿದ ನಾಯಿ ಅರವತ್ತಮೂರು ದಿನಕ್ಕೆ, ಹೆಚ್ಚುಕಡಿಮೆ ಸಂಕ್ರಾಂತಿಯ ಹೊತ್ತಿಗೆ ಮರಿ ಹಾಕುತ್ತದೆ. ಎರಡು ತಿಂಗಳಾಗಿ ಹಾಲು ಬಿಡುವಾಗ ಗಂಡುಮರಿಗಳಿಗೆ ಮನೆ ಸಿಗುತ್ತದೆ, ಹೆಣ್ಣುಮರಿಗಳಿಗೆ ಸಂತೆ. ‘ಎರಡು ದಿನ ಇಟ್ಕಳಿ ಅಮ್ಮ, ಯಾರಾದ್ರೂ ಕೇಳಿದ್ರೆ ಕೊಡಾಣ’ ಎಂದು ಬಿಟ್ಟುಹೋದಳು. ಯಾರೂ ಕೇಳಲಿಲ್ಲ. ಆ ನಂಬಿಕೆಯ ಮೇಲೇ ಆಕೆ ತಂದದ್ದು ಎಂದು ನನಗೆ ಈಗಲೂ ಗುಮಾನಿ.

ಮಳೆಗಾಲವೆಲ್ಲ ಮೂರೂ ಒಂದೇ ಗೋಣಿತಾಟಿನ ಮೇಲೆ ಮಲಗಿದವು. ಕರಿಯ ಚಿನ್ನಿಗೆ ಸೈಕಲ್ ಅಟ್ಟಿಸುವುದನ್ನು ಕಲಿಸಿತು, ಬ್ರೂನೊ ಅಡುಗೆಮನೆಯ ಬಾಗಿಲಲ್ಲಿ ಮುಖ ಬಾಡಿಸಿ ಕೂರುವುದನ್ನು ಕಲಿಸಿತು. ಪಶುವೈದ್ಯರು ಆಪರೇಶನ್ ಮಾಡಿಸಿಬಿಡಿ ಎಂದಿದ್ದರು. ದೀಪಾವಳಿಗೆ ಮಗಳು ಬರುತ್ತಾಳೆ, ನೋಡಿಕೊಳ್ಳಲು ಜನ ಇರುತ್ತಾರೆ, ಆಗ ಮಾಡಿಸೋಣ ಎಂದು ನಾವು ಮಾತಾಡಿಕೊಂಡಿದ್ದೆವು. ಚಿನ್ನಿ ದೀಪಾವಳಿಯವರೆಗೆ ಕಾಯಲಿಲ್ಲ.

ಮೊದಲು ಗೊತ್ತಾದದ್ದು ಚಿನ್ನಿಯಿಂದಲ್ಲ, ಕರಿಯನಿಂದ. ಒಂದು ಬೆಳಿಗ್ಗೆ ಚಿನ್ನಿ ದಾಸವಾಳದ ಬುಡದಲ್ಲಿ ಉಚ್ಚೆ ಹೊಯ್ದು ಬಂತು. ಕರಿಯ ಹೋಗಿ ಆ ಒದ್ದೆ ಹುಲ್ಲನ್ನು ಮೂಸಿತು, ನೆಕ್ಕಿತು, ಆಮೇಲೆ ತಲೆಯನ್ನು ಸ್ವಲ್ಪ ಎತ್ತಿ ಹಲ್ಲು ಕಟಕಟ ಕಡಿಯತೊಡಗಿತು. ತುಟಿಯ ಅಂಚಿನಲ್ಲಿ ಬಿಳಿ ನೊರೆ. ಕಣ್ಣು ಎಲ್ಲೋ ನೆಟ್ಟಿತ್ತು, ಕರೆದರೆ ಕಿವಿಯೂ ಅಲ್ಲಾಡಲಿಲ್ಲ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ನೋಡಿ ‘ಹುಚ್ಚು ಹಿಡಿದಿದೆ ಕಣ್ರೀ’ ಎಂದು ಹೆದರಿಸಿಬಿಟ್ಟರು. ನಾನು ಗಾಬರಿಯಲ್ಲಿ ವೈದ್ಯರಿಗೆ ಫೋನು ಮಾಡಿದರೆ ಅವರು ನಕ್ಕರು. ನಾಯಿಯ ಮೇಲಿನ ಮುಂಹಲ್ಲುಗಳ ಹಿಂದೆ, ಅಂಗುಳದಲ್ಲಿ ಎರಡು ಸಣ್ಣ ರಂಧ್ರಗಳಿವೆಯಂತೆ. ಅವುಗಳ ಮೂಲಕ ಮೂಗಿನ ಬುಡದಲ್ಲಿರುವ ಇನ್ನೊಂದು ಅಂಗಕ್ಕೆ ಆ ದ್ರವ ಏರುತ್ತದೆ. ನಾಯಿ ಹಲ್ಲು ಕಡಿದು ನೊರೆ ಬರಿಸುವುದು ಅಲ್ಲಿಗೆ ಏರಿಸಲಿಕ್ಕೇ. ‘ನಿಮ್ಮ ಕರಿಯ ಕಾಗದ ಓದ್ತಾ ಇದೆ ಮೇಡಂ. ಹೆಣ್ಣು ಬೆದೆಗೆ ಬಂದಿದೆ, ಹಿಂದೆ ನೋಡಿ’ ಎಂದರು. ನೋಡಿದೆ. ಊದಿಕೊಂಡಿತ್ತು. ಜಗಲಿಯ ರೆಡ್‌ಆಕ್ಸೈಡ್ ನೆಲದ ಮೇಲೆ ಬಿದ್ದಿದ್ದ ಹನಿಗಳು ಅದೇ ಬಣ್ಣಕ್ಕೆ ಸೇರಿಹೋಗಿ ಅಲ್ಲಿಯವರೆಗೆ ಕಂಡಿರಲಿಲ್ಲ, ಅಷ್ಟೆ.

ಗಂಡುಗಳನ್ನು ದೂರ ಇಡಿ, ಮೂರು ವಾರ ಹಿಡಿಯುತ್ತದೆ ಎಂದು ಅವರು ಹೇಳಿದ್ದನ್ನು ನಾವು ಚಿನ್ನಿಗೆ ಮರಿ ನಿಲ್ಲದಂತೆ ನೋಡಿಕೊಳ್ಳುವ ಮಾತು ಎಂದೇ ತಿಳಿದೆವು. ಚಿನ್ನಿಯನ್ನು ಹಿಂದಿನ ಕೋಣೆಗೆ ಹಾಕಿ ಚಿಲಕ ಹಾಕಿದೆವು. ಗಂಡುಗಳೆರಡೂ ಮುಂದಿನ ಅಂಗಳದಲ್ಲಿ. ಅವೆರಡಕ್ಕೂ ಏನಾದೀತು ಎಂಬ ಯೋಚನೆಯೇ ಯಾರಿಗೂ ಬರಲಿಲ್ಲ. ಗುಡುಗಿಗೆ ಹೊಟ್ಟೆ ಕೊಟ್ಟವು, ಹಂಚಿಕೊಂಡು ಉಂಡವು!

ನಾಲ್ಕೈದು ದಿನಕ್ಕೆ ಬೀದಿಯ ಚಿತ್ರವೇ ಬದಲಾಯಿತು. ಎಲ್ಲೆಲ್ಲಿಯ ಗಂಡುನಾಯಿಗಳು! ಕೆಂಪು, ಬಿಳಿ, ಒಂದು ಕಿವಿ ಹರಿದದ್ದು, ಕೊರಳಲ್ಲಿ ಹಗ್ಗದ ತುಂಡು ಎಳೆದುಕೊಂಡು ಬಂದದ್ದು. ಗೇಟಿನ ಮುಂದೆ ರಾತ್ರಿಯಿಡೀ ಧರಣಿ. ನಮ್ಮ ಕರಿಯ ಅನ್ನ ಬಿಟ್ಟಿತು. ಬ್ರೂನೊ ಉಣ್ಣುವುದನ್ನೇನೂ ಬಿಡಲಿಲ್ಲ, ಆದರೆ ಉಣ್ಣುತ್ತ ಗುರುಗುಡಲು ಕಲಿಯಿತು. ಕರಿಯ ಎದುರಿಗೆ ಬಂದರೆ ಬ್ರೂನೊ ಕಾಲು ಸೆಟೆದು ನಿಲ್ಲುತ್ತಿತ್ತು. ಬಾಲ ನೇರ ಮೇಲಕ್ಕೆ, ಬೆನ್ನ ಕೂದಲು ಕತ್ತಿನಿಂದ ಸೊಂಟದವರೆಗೆ ನಿಮಿರಿ. ಕರಿಯ ಮುಖ ಆಚೆ ತಿರುಗಿಸುತ್ತಿತ್ತು. ಇದನ್ನೆಲ್ಲ ಕಂಡೆ, ಆದರೆ ಆಗ ನನಗೆ ಇದು ಓದಲು ಬಾರದ ಲಿಪಿ.

ಹೊಡೆದಾಟ ಆದದ್ದು ಹಾಲಿನ ಹೊತ್ತಿನಲ್ಲಿ. ಹೊರಗಿನ ಕೆಂಪು ನಾಯಿ ಗೇಟಿನ ಕೆಳಗಿನ ಸಂದಿಯಲ್ಲಿ ಮೂತಿ ತೂರಿಸಿತು. ನಮ್ಮವೆರಡೂ ಒಟ್ಟಿಗೆ ಹಾರಿ ಹೋದವು, ಗೇಟಿಗೆ ಬಡಿದವು, ಕೆಂಪುನಾಯಿ ಹಿಂದೆ ಸರಿಯಿತು. ಮರುಕ್ಷಣ ಎರಡೂ ತಿರುಗಿ ಒಂದರ ಮೇಲೊಂದು ಬಿದ್ದವು. ಬೊಗಳಾಟದ ಜಗಳ ನಾವು ನೋಡದ್ದಲ್ಲ. ಇದರಲ್ಲಿ ಸದ್ದೇ ಕಡಿಮೆ. ಕರಿಯನ ಕತ್ತು ಬ್ರೂನೊನ ಬಾಯಲ್ಲಿ, ಬ್ರೂನೊನ ಕಿವಿ ಕರಿಯನ ಬಾಯಲ್ಲಿ. ಎರಡೂ ಬಿಡದೆ ಕಣ್ಣು ಮುಚ್ಚಿಕೊಂಡು ಅಲ್ಲಾಡಿಸುತ್ತಿದ್ದವು. ಹಾಲಿನಾಕೆ ನಲ್ಲಿ ಕಟ್ಟೆಯ ಬಕೆಟ್ ಎತ್ತಿ ಎರಡರ ಮುಖಕ್ಕೂ ಸುರಿದಳು. ಉಸಿರಿಗಾಗಿ ಬಾಯಿ ಸಡಿಲವಾದ ಆ ಒಂದು ಗಳಿಗೆಯಲ್ಲಿ ಜಗಲಿಯ ಗೋಡೆಗೆ ಒರಗಿಸಿದ್ದ ಕೇರಂ ಬೋರ್ಡನ್ನು ತಂದು ನಡುವೆ ಇಟ್ಟುಬಿಟ್ಟಳು. ಬ್ರೂನೊನ ಹಿಂಗಾಲೆರಡನ್ನೂ ಎತ್ತಿ ಹಿಡಿದು ನಮ್ಮ ಮನೆಯವರು ಬಚ್ಚಲಿಗೆ ಎಳೆದೊಯ್ದರು. ಆಕೆ ನಾಯಿ ತರಬೇತಿಯವರಿಂದ ಕಲಿತದ್ದೇನಲ್ಲ. ‘ಹೋರಿ ಬಿಡಿಸಿದ್ ಗೊತ್ತಿಲ್ವ ಅಮ್ಮ, ಮುಖಕ್ಕೆ ಮುಖ ಕಾಣಬಾರ್ದು’ ಎಂದಳು. ಆ ಬೋರ್ಡಿನ ಒಂದು ಮೂಲೆಯಲ್ಲಿ ಹಲ್ಲಿನ ಗುರುತು ಇನ್ನೂ ಇದೆ, ಸ್ಟ್ರೈಕರ್ ಅಲ್ಲಿಗೆ ಹೋದರೆ ದಿಕ್ಕು ತಪ್ಪುತ್ತದೆ.

ಇವರ ಹೆಬ್ಬೆರಳ ಬುಡಕ್ಕೆ ಯಾರದೋ ಹಲ್ಲು ತಾಗಿತ್ತು. ಕರಿಯನದೋ ಬ್ರೂನೊನದೋ ಇವತ್ತಿಗೂ ತೀರ್ಮಾನವಾಗಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿಸಿ 15 ನಿಮಿಷ ಸೋಪು ಹಚ್ಚಿ ತೊಳೆಸಿದೆ. ‘ನಮ್ಮ ನಾಯಿಗಳೇ ಅಲ್ವೇನೆ, ಇಂಜೆಕ್ಷನ್ ಆಗಿದೆ’ ಎಂದು ಇವರು ಗೊಣಗಿದರೂ ಆಸ್ಪತ್ರೆಯಲ್ಲಿ ಬಿಡಲಿಲ್ಲ. ಆ ದಿನ ಒಂದು, ಆಮೇಲೆ 3, 7, 28ನೇ ದಿನ. ಎರಡೂ ನಾಯಿಗಳು ಹೊರಗಿನ ನಾಯಿಗಳ ಜೊತೆ ಮೂತಿಗೆ ಮೂತಿ ಹಚ್ಚಿದ್ದವಲ್ಲ.

ಬ್ರೂನೊನ ಕಿವಿಯಿಂದ ರಕ್ತ ಸೋರಿ ಮನೆಯೆಲ್ಲ ಚೆಲ್ಲಿತ್ತು, ಹೆದರಿಕೆ ಹುಟ್ಟಿಸಿದ್ದು ಅದು. ಕರಿಯನ ಕತ್ತಿನಲ್ಲಿ ಕಂಡದ್ದು ಎರಡು ಸಣ್ಣ ತೂತು ಮಾತ್ರ. ಮನೆಗೆ ಬಂದ ಪಶುವೈದ್ಯರು ಕಿವಿಯನ್ನು ಒಂದು ಕಣ್ಣಲ್ಲಿ ನೋಡಿ ಬಿಟ್ಟು, ಕರಿಯನ ಕತ್ತಿನ ಕೂದಲು ಬೋಳಿಸಿದರು. ತೂತಿನೊಳಗೆ ಸಲಾಕೆ ಇಳಿಸಿದರು. ಅದು ಬೆರಳುದ್ದ ಒಳಗೆ ಹೋಯಿತು, ಆಮೇಲೆ ಅಡ್ಡಕ್ಕೂ ಹೋಯಿತು. ಕೋರೆಹಲ್ಲು ಚರ್ಮದಲ್ಲಿ ತೂತು ಮಾಡಿ ನಿಲ್ಲುತ್ತದೆ, ನಾಯಿ ಕೊಸರಿದಾಗ ಒಳಗಿನ ಮಾಂಸವೆಲ್ಲ ಕಿತ್ತು ಚೀಲದಂತೆ ಟೊಳ್ಳಾಗುತ್ತದೆ. ಹೊಲಿದು ಮುಚ್ಚಿದರೆ ಕೀವು ಒಳಗೇ ಉಳಿಯುತ್ತದೆ. ಹಾಗಾಗಿ ತೆರೆದೇ ಇಟ್ಟು, ದಿನಾ ತೊಳೆಯುವುದನ್ನು ನನಗೆ ತೋರಿಸಿಕೊಟ್ಟರು. ಕರಿಯ ಅಷ್ಟು ಹೊತ್ತೂ ನನ್ನ ಮಡಿಲಲ್ಲಿ ತಲೆಯಿಟ್ಟು ಸುಮ್ಮನಿತ್ತು. ಬಚ್ಚಲಿನಿಂದ ಬ್ರೂನೊ ಕೆಮ್ಮಿದರೆ ಮಾತ್ರ ಮೈ ಬಿಗಿ.

ಹೆಣ್ಣು ಕೋಣೆಯಲ್ಲಿತ್ತು, ಇವಕ್ಕೆ ಸಿಗುವಂತೆಯೇ ಇರಲಿಲ್ಲ, ಮತ್ತೆ ಯಾಕೆ ಎಂದು ಕೇಳಿದೆ. ‘ಸಿಗದಿದ್ದಕ್ಕೇ’ ಎಂದರು ವೈದ್ಯರು. ಬೆದೆಯ ಮೊದಲ ಒಂಬತ್ತು ಹತ್ತು ದಿನ ಹೆಣ್ಣು ಯಾರನ್ನೂ ಹತ್ತಿರ ಸೇರಿಸುವುದಿಲ್ಲ, ವಾಸನೆಯನ್ನು ಮಾತ್ರ ಹರಡುತ್ತದೆ. ಒಪ್ಪುವುದು ಅದರಾಚೆಯ ಸುಮಾರು ಅಷ್ಟೇ ದಿನ. ಇದರಲ್ಲೂ ಒಂದೊಂದು ನಾಯಿಗೆ ಒಂದೊಂದು ಲೆಕ್ಕ. ಆ ಮೊದಲ ದಿನಗಳಲ್ಲಿ ಗಂಡುಗಳ ಮೈಯಲ್ಲಿ ಏರಿದ್ದು ಇಳಿಯಲು ದಾರಿ ಇರುವುದಿಲ್ಲ. ಗೇಟಿನಾಚೆಯ ಶತ್ರು ಕೈಗೆ ಸಿಗಲಿಲ್ಲ, ಪಕ್ಕದಲ್ಲಿದ್ದದ್ದು ಸಿಕ್ಕಿತು. ಅಧಿಕಾರಿ ಬೈದರೆ ಮನೆಗೆ ಬಂದು ಹೆಂಡತಿಯ ಮೇಲೆ ರೇಗುವ ಗಂಡಸರ ಉದಾಹರಣೆಯನ್ನು ಅವರು ಕೊಡಹೊರಟು, ನಮ್ಮವರು ಅಲ್ಲೇ ನಿಂತದ್ದು ಕಂಡು ನುಂಗಿಕೊಂಡರು.

ನನಗೆ ತೀರ್ಥಹಳ್ಳಿ ಕಡೆಯ ತವರು ಮನೆ ನೆನಪಾದದ್ದು ಆ ಮಾತಿನಿಂದ. ಅಲ್ಲಿಯೂ ಎರಡು ಗಂಡು, ಒಂದು ಹೆಣ್ಣು. ಟೈಗರ್, ಹಂಡ, ಕೆಂಪಿ. ಕಾರ್ತಿಕ ಮಾಸದ ನಾಯಿ ಎಂದು ಗಂಡಸರನ್ನು ಬೈಯುವ ಊರು ಅದು. ನಮ್ಮ ಊರನಾಯಿಗಳು ಬಹುಮಟ್ಟಿಗೆ ಮಳೆಗಾಲ ಕಳೆದ ಮೇಲೆಯೇ ಬೆದೆಗೆ ಬರುತ್ತವೆ ಎಂದು ಆಮೇಲೆ ಎಲ್ಲೋ ಓದಿದಾಗ, ಬೈಗಳು ಕೂಡ ಪಂಚಾಂಗ ನೋಡಿಯೇ ಹುಟ್ಟುತ್ತದೆ ಎನಿಸಿ ನಗು ಬಂತು. ಕೆಂಪಿ ಬೆದೆಗೆ ಬಂದರೆ ಅಜ್ಜಿ ಅದನ್ನು ಸೌದೆ ಕೊಟ್ಟಿಗೆಗೆ ಹಾಕಿ ಬಾಗಿಲಿಗೆ ಕಲ್ಲು ಒತ್ತಿಡುತ್ತಿದ್ದಳು. ಮಕ್ಕಳಿಗೆ ಆ ಕಡೆ ಸುಳಿಯಲು ಬಿಡುತ್ತಿರಲಿಲ್ಲ. ‘ಎಂತ ನೋಡ್ತೀಯೆ ಅಲ್ಲಿ, ಒಳಗೆ ನಡಿ’ ಎಂದು ಗದರಿಸುವುದು, ವಿಶೇಷವಾಗಿ ಹೆಣ್ಣುಮಕ್ಕಳಿಗೆ. ಸೌದೆ ಕೊಟ್ಟಿಗೆಗೆ ಅಂಟಿಕೊಂಡ ಚಾವಡಿಯ ತುದಿಯಲ್ಲೇ ಚಿಕ್ಕಮ್ಮ ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದದ್ದು. ಒಂದು ವರ್ಷ ಎರಡೂ ಒಟ್ಟಿಗೆ ಬಿದ್ದಿತು. ಚಿಕ್ಕಮ್ಮ ಹಲಗೆಯ ಸಂದಿಯಲ್ಲಿ ಕೆಂಪಿಗೆ ರೊಟ್ಟಿ ಚೂರು ತೂರಿಸುತ್ತ, ‘ನಿಂಗೆ ವರ್ಷಕ್ಕೆ ಒಂದು ಸಲ ಮಾರಾಯ್ತಿ, ಪುಣ್ಯ ಮಾಡಿದ್ದೆ’ ಎಂದು ಹೇಳುತ್ತಿದ್ದದ್ದು ನನಗೆ ಕೇಳಿಸಿತ್ತು. ಅರ್ಥವಾಗಲು ಕೆಲವು ವರ್ಷ ಬೇಕಾಯಿತು.

ಅಲ್ಲಿಯೂ ಹೊಡೆದಾಟ ಆಗುತ್ತಿತ್ತು. ಟೈಗರ್ ಹಂಡನನ್ನು ಅಂಗಳದಲ್ಲಿ ಅಡ್ಡ ಕೆಡವಿ ಕಚ್ಚಿದ್ದನ್ನು ನಾನೇ ಕಂಡಿದ್ದೇನೆ. ಬಿಡಿಸಲು ಯಾರೂ ಹೋಗಲಿಲ್ಲ. ಹಂಡ ಹೇಗೋ ಕೊಸರಿಕೊಂಡು ದಣಪೆ ದಾಟಿ ಅಡಿಕೆ ತೋಟದೊಳಗೆ ಇಳಿದುಹೋಯಿತು. ಟೈಗರ್ ತೋಟದ ಏರಿಯವರೆಗೆ ಅಟ್ಟಿ, ಅಲ್ಲಿ ನಿಂತು ನಾಲ್ಕು ಸಲ ಬೊಗಳಿ ವಾಪಸು ಬಂತು. ಅಷ್ಟಕ್ಕೆ ಮುಗಿಯಿತು. ಹಂಡ ಗದ್ದೆಯ ಮಾಳದಲ್ಲಿ ಕಾವಲಿನವರ ಜೊತೆ ಬಿಡಾರ ಹೂಡಿತು. ಅವರು ಗಂಜಿಯ ಜೊತೆ ಒಂದು ತುತ್ತು ಹಾಕುತ್ತಿದ್ದರು. ಕೆಂಪಿಯ ಗಲಾಟೆ ತಣ್ಣಗಾದ ಮೇಲೆ ಒಂದು ಚಳಿಯ ಬೆಳಿಗ್ಗೆ ನೋಡಿದರೆ ಬಚ್ಚಲೊಲೆಯ ಬೂದಿಯಲ್ಲಿ ಟೈಗರ್, ಹಂಡ ಎರಡೂ ಮೈ ಸುತ್ತಿ ಮಲಗಿದ್ದವು. ಪ್ರತಿ ವರ್ಷವೂ ಇದೇ. ಅಜ್ಜಿ ಇದನ್ನು ಜಗಳ ಎಂದು ಎಣಿಸಿದ್ದೇ ಇಲ್ಲ.

ಅದೇ ಪ್ರಾಣಿ, ಅದೇ ಕಾಲ, ಅದೇ ಹೊಡೆದಾಟ. ನಮ್ಮ ಶಿವಮೊಗ್ಗದ ಮನೆಯಲ್ಲಿ ಯಾಕೆ ಮುಗಿಯಲಿಲ್ಲ ಎಂಬ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಕಾಂಪೌಂಡಿನಲ್ಲಿ. ಮೂವತ್ತು ನಲವತ್ತರ ನಿವೇಶನ, ಐದಡಿ ಗೋಡೆ, ಮೇಲೆ ಗಾಜಿನ ಚೂರು, ಕಬ್ಬಿಣದ ಗೇಟು. ಸೋತ ನಾಯಿ ಹೋಗುವುದೆಲ್ಲಿಗೆ? ಕರಿಯ ಗೋಡೆಯ ಮೂಲೆಗೆ ಸರಿದರೂ ಬ್ರೂನೊನ ಕಣ್ಣಿಗೆ ಅದು ಇನ್ನೂ ಅಂಗಳದಲ್ಲೇ ಇದೆ. ಸೋಲನ್ನು ಒಪ್ಪಿಕೊಂಡದ್ದಕ್ಕೆ ಸಾಕ್ಷಿಯೇ ಇಲ್ಲ.

ಇದು ನನ್ನೊಬ್ಬಳ ಊಹೆಯಲ್ಲ ಎಂದು ಗೊತ್ತಾದದ್ದು ತೋಳಗಳ ವಿಷಯ ಓದಿದಾಗ. ಹಿಂಡಿನಲ್ಲಿ ಒಬ್ಬ ಯಜಮಾನ, ಉಳಿದವರು ಅವನ ಕೆಳಗೆ, ಮನೆಯ ನಾಯಿಗೂ ನೀವೇ ಯಜಮಾನ ಎಂದು ತೋರಿಸಬೇಕು ಎಂದು ನಾಯಿ ಸಾಕುವವರಿಗೆಲ್ಲ ಯಾರಾದರೊಬ್ಬರು ಹೇಳಿಯೇ ಇರುತ್ತಾರೆ. ನಮಗೆ ಹೇಳಿದವರಂತೂ ಬ್ರೂನೊನನ್ನು ಅಂಗಾತ ಕೆಡವಿ ಒತ್ತಿ ಹಿಡಿಯಿರಿ ಎಂದಿದ್ದರು. ಆ ಮಾತಿನ ಮೂಲ ಹುಡುಕುತ್ತ ಹೋದರೆ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳು ಸಿಗುತ್ತವೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಅವುಗಳ ಬಗ್ಗೆ ಬರೆದರು. ಗಂಡುಗಳ ನಡುವೆ, ಹೆಣ್ಣುಗಳ ನಡುವೆ ಬೇರೆಬೇರೆಯಾಗಿ ಮೇಲುಕೀಳಿನ ಪೈಪೋಟಿ ನಡೆಯುವುದನ್ನು ಅವರು ಕಂಡದ್ದು ಬೇಲಿಯೊಳಗೆ ಕೂಡಿಹಾಕಿದ ಆ ಹಿಂಡಿನಲ್ಲಿ. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಆ ಯಜಮಾನನ ಕಲ್ಪನೆಯನ್ನು ಜನಪ್ರಿಯ ಮಾಡಿದವರು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ 1999ರಲ್ಲಿ ಅದು ಸರಿಯಲ್ಲ ಎಂದು ಬರೆದವರೂ ಅವರೇ. ಕಾಡಿನ ಹಿಂಡು ಎಂದರೆ ಅಪ್ಪ, ಅಮ್ಮ, ಮಕ್ಕಳು. ದೊಡ್ಡವಾದ ಮಕ್ಕಳು ಜಗಳಕ್ಕೆ ನಿಲ್ಲುವುದಿಲ್ಲ, ಹೊಸ ಜಾಗ ಹುಡುಕಿ ಹೊರಟುಹೋಗುತ್ತವೆ. ಓದಿದಾಗ ನನಗೆ ಹಂಡ ಹಾರಿದ ದಣಪೆ ಕಣ್ಣಿಗೆ ಬಂತು.

ನಮ್ಮ ಮನೆ ಆಮೇಲೆ ಬಾಗಿಲುಗಳ ಮನೆಯಾಯಿತು. ಚಿನ್ನಿ ಹಿಂದಿನ ಕೋಣೆ, ಬ್ರೂನೊ ಬಚ್ಚಲ ಪ್ಯಾಸೇಜು, ಕರಿಯ ಜಗಲಿ. ಒಂದು ಒಳಗೆ ಬರಬೇಕಾದರೆ ಇನ್ನೊಂದು ಬಾಗಿಲು ಮುಚ್ಚಿರಬೇಕು. ‘ಬಾಗಿಲೂ!’ ಎಂಬ ಕೂಗು ದಿನಕ್ಕೆ ಎಷ್ಟು ಸಲವೋ. ಗ್ಯಾಸಿನವನೂ ಸಿಲಿಂಡರ್ ಇಳಿಸುವ ಮೊದಲು ‘ಬಾಗಿಲಾ ಅಮ್ಮ?’ ಎಂದು ಕೇಳುವ ಮಟ್ಟಕ್ಕೆ ಬಂತು. ದೀಪಾವಳಿಗೆ ಬಂದ ಮಗಳು ನರಕ ಚತುರ್ದಶಿಯ ನೀರು ಹಾಕಿಸಿಕೊಳ್ಳಲು ಬ್ರೂನೊ ಬಿಡಾರ ಖಾಲಿ ಮಾಡುವವರೆಗೆ ಎಣ್ಣೆ ಹಚ್ಚಿಕೊಂಡು ನಡುಗುತ್ತ ಕೂತಿದ್ದಳು.

ಚಿನ್ನಿಯ ಆಪರೇಶನ್ ತಕ್ಷಣ ಆಗಲಿಲ್ಲ. ಬೆದೆಯ ಸಮಯದಲ್ಲಿ ಗರ್ಭಕೋಶಕ್ಕೆ ರಕ್ತದ ಹರಿವು ಜಾಸ್ತಿ, ನಾಳಗಳು ದಪ್ಪವಾಗಿರುತ್ತವೆ, ಎರಡು ಮೂರು ತಿಂಗಳು ಕಳೆಯಲಿ ಎಂದರು. ಅಷ್ಟರೊಳಗೆ ಅನ್ನ ಬಿಟ್ಟರೆ, ನೀರು ಅತಿಯಾಗಿ ಕುಡಿದರೆ, ಹಿಂದಿನಿಂದ ಕೀವು ಸೋರಿದರೆ ಓಡಿಬನ್ನಿ, ಬೆದೆಯಾದ ಕೆಲವು ವಾರಕ್ಕೆ ಗರ್ಭಕೋಶ ಕೀವುಗಟ್ಟುವ ರೋಗ ಬರಬಹುದು ಎಂದೂ ಎಚ್ಚರಿಸಿದರು. ಅದೇನೂ ಆಗಲಿಲ್ಲ. ಬದಲಿಗೆ ಚಿನ್ನಿ ಎರಡು ತಿಂಗಳಿಗೆ ನನ್ನ ಹಳೆಯ ಚಪ್ಪಲಿಯೊಂದನ್ನು ಮಂಚದ ಕೆಳಗೆ ಒಯ್ದು, ಅದನ್ನು ನೆಕ್ಕುತ್ತ, ಯಾರಾದರೂ ಬಗ್ಗಿದರೆ ಗುರುಗುಡುತ್ತ ಬಾಣಂತನ ಮಾಡಿಕೊಂಡಿತು. ಮರಿ ನಿಲ್ಲದಿದ್ದರೂ ಮೈಯೊಳಗಿನ ಹಾರ್ಮೋನು ಬಸುರಿನಂತೆಯೇ ಎರಡು ತಿಂಗಳು ಉಳಿಯುವುದರಿಂದ ಹೀಗಾಗುತ್ತದಂತೆ. ಅದೂ ಕಳೆದ ಮೇಲೆ ಆಪರೇಶನ್ ಆಯಿತು. ಬ್ರೂನೊಗೂ ಆಯಿತು. ‘ಇದರಿಂದ ಮೈಯ ಬಿಸಿ ನಿಧಾನವಾಗಿ ಇಳಿಯುತ್ತೆ. ತಲೆಯಲ್ಲಿ ಉಳಿದಿದ್ದಕ್ಕೆ ನನ್ನ ಹತ್ರ ಕತ್ತರಿ ಇಲ್ಲ’ ಎಂದು ವೈದ್ಯರು ಮೊದಲೇ ಹೇಳಿದ್ದರು. ಕರಿಯನಿಗೆ ಮಾತ್ರ ಆಗ ಮಾಡಲಿಲ್ಲ, ಕತ್ತಿನ ಗಾಯ ಮಾಯಲಿ ಎಂದು.

ಹೊಂದಿಸುವ ಪ್ರಯತ್ನವೂ ನಡೆಯಿತು. ಎರಡನ್ನೂ ಬೇರೆಬೇರೆ ಹಗ್ಗದಲ್ಲಿ ಹಿಡಿದು ರಸ್ತೆಯ ಎರಡು ಬದಿಯಲ್ಲಿ ನಡೆಸುವುದು, ದಿನದಿನಕ್ಕೆ ಸ್ವಲ್ಪ ಹತ್ತಿರ. ರಸ್ತೆಯಲ್ಲಿ ಇಬ್ಬರೂ ಸಂಭಾವಿತರು. ಗೇಟಿನೊಳಗೆ ಕಾಲಿಟ್ಟ ಕೂಡಲೇ ಬ್ರೂನೊನ ಬಾಲ ನೆಟ್ಟಗೆ. ಕರಿಯ ಎಲ್ಲಕ್ಕಿಂತ ಹೆಚ್ಚಾಗಿ ಹೊಡೆದಾಟ ಆದ ಆ ಜಾಗವನ್ನು ದಾಟಲು ಹೆದರುತ್ತಿತ್ತು. ಗೋಡೆಗೆ ಮೈ ಉಜ್ಜಿಕೊಂಡು ಸುತ್ತುಬಳಸಿ ಬರುವುದು. ಬೋಗುಣಿಯ ಮುಂದೆಯೂ ಅಷ್ಟೆ, ನಾಲ್ಕು ತುತ್ತು ತಿಂದು ತಲೆ ಎತ್ತಿ ನೋಡುವುದು. ಇಷ್ಟಾದರೂ ನಮ್ಮ ಅದೃಷ್ಟ ಚೆನ್ನಾಗಿತ್ತು ಎನ್ನಬೇಕು. ಹಿಂದಿನ ಬೀದಿಯಲ್ಲಿ ಒಬ್ಬರ ಮನೆಯಲ್ಲಿ ತಾಯಿ ಮತ್ತು ಮಗಳು, ಎರಡೂ ಹೆಣ್ಣು. ಮಗಳು ಬೆದೆಗೆ ಬಂದ ದಿನಗಳಲ್ಲೇ ತಾಯಿಯೂ ಬಂತು. ಜನ ಗಂಡುನಾಯಿಗಳ ಕಾಳಗಕ್ಕೆ ಹೆದರುತ್ತಾರೆ. ಒಂದೇ ಮನೆಯ ಎರಡು ಹೆಣ್ಣುಗಳಿಗೆ ಬಿದ್ದ ಹಗೆಯೇ ಹೆಚ್ಚು ಕೆಟ್ಟದ್ದು, ಆರಿಸುವುದೂ ಕಷ್ಟ ಎಂದು ವೈದ್ಯರೂ ಒಪ್ಪುತ್ತಾರೆ. ಆ ಮನೆಯಲ್ಲಿ ತಾಯಿಗೆ ಮಹಡಿ, ಮಗಳಿಗೆ ಕೆಳಗೆ ಎಂದು ಪಾಲು ಮಾಡಿಕೊಟ್ಟು ವರ್ಷಗಳಾದವು.

ಕರಿಯನನ್ನು ತವರಿಗೆ ಕಳಿಸೋಣ ಎಂಬ ಮಾತು ಎತ್ತಿದ್ದು ನಾನೇ. ಇವರು ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ‘ಮೊದಲು ಬಂದದ್ದು ಅದು, ಹೋಗಬೇಕಾದ್ದೂ ಅದೇನಾ?’ ನ್ಯಾಯದ ಪ್ರಶ್ನೆಯೇ. ಆದರೆ ಬ್ರೂನೊ ತೋಟದಲ್ಲಿ ಒಂದು ವಾರ ಬಾಳುವ ನಾಯಿಯಲ್ಲ, ಉಣುಗು ಹತ್ತಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ಕೂರುವುದೇ. ಕರಿಯನಿಗೆ ಗೋಡೆಯಿಲ್ಲದ ಜಾಗ ಬೇಕಿತ್ತು. ನನ್ನ ತಮ್ಮ ಜೀಪು ತಂದು ಕರೆದುಕೊಂಡು ಹೋದ. ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಕರಿಯ ತಮ್ಮನ ಮನೆಯ ಎರಡು ಗಂಡುನಾಯಿಗಳ ಜೊತೆ ಕಚ್ಚಾಡಿ, ಒಂದಕ್ಕೆ ಸೋತು, ಒಂದನ್ನು ಸೋಲಿಸಿ, ಮಧ್ಯದ ಸ್ಥಾನದಲ್ಲಿ ಸುಖವಾಗಿ ನೆಲೆಸಿತಂತೆ. ಕೇಳಿ ಇವರಿಗೆ ಸಮಾಧಾನವಾಯಿತು.

ಮುಂದಿನ ಬೇಸಿಗೆಯಲ್ಲಿ ನಾವು ಊರಿಗೆ ಹೋಗುವಾಗ ಬ್ರೂನೊನನ್ನೂ ಚಿನ್ನಿಯನ್ನೂ ಕಾರಿನಲ್ಲಿ ಹಾಕಿಕೊಂಡೆವು, ಬಿಟ್ಟುಹೋಗಲು ಯಾರೂ ಇರಲಿಲ್ಲ. ಬ್ರೂನೊನನ್ನು ಅಂಗಳದಲ್ಲಿ ಇಳಿಸುವಾಗ ನಾನು ಚಾವಡಿಯಲ್ಲಿದ್ದ ಮಣೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದೆ. ಕರಿಯ ಕೊಟ್ಟಿಗೆಯ ಕಡೆಯಿಂದ ಬಂತು. ಎರಡೂ ಸೆಟೆದವು, ಹಿಂದುಮುಂದು ಮೂಸಿದವು. ಬ್ರೂನೊನ ಗಂಟಲಲ್ಲಿ ಸಣ್ಣಗೆ ಗುರ್ ಎಂದಿತು. ಕರಿಯ ಅದಕ್ಕೆ ಉತ್ತರ ಕೊಡದೆ, ಅಲ್ಲೇ ಇದ್ದ ಕಂಬಕ್ಕೆ ಕಾಲೆತ್ತಿ, ತೋಟದ ಕಡೆ ನಡೆದುಬಿಟ್ಟಿತು. ಊಟದ ಹೊತ್ತಿಗೆ ವಾಪಸು. ಬ್ರೂನೊ ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ಹಿಡಿದಿತ್ತು, ಇನ್ನೊಂದು ಬಾಗಿಲಲ್ಲಿ ಕರಿಯ. ನಾವಿದ್ದ ಅಷ್ಟೂ ದಿನ ಒಂದು ಗೀರೂ ಆಗಲಿಲ್ಲ. ಇವರು ಹುರುಪಿನಲ್ಲಿ, ದೀಪಾವಳಿಗೂ ಬರ್ತೇವೆ, ಎರಡನ್ನೂ ಕರ್ಕೊಂಡೇ ಬರ್ತೇವೆ ಎಂದರು.

ತಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ತಲೆ ಎತ್ತಿದ. ‘ಭಾವ, ನೀವು ಬನ್ನಿ, ಅಕ್ಕ ಬರ್ಲಿ. ಕಾರ್ತಿಕದಾಗೆ ಬ್ರೂನೋನ ಮಾತ್ರ ತರಬೇಡಿ.’

‘ಅದಕ್ಕೆ ಆಪರೇಶನ್ ಆಗಿದೆಯಲ್ಲೋ’ ಎಂದೆ ನಾನು.

‘ನಮ್ಮವಕ್ಕೆ ಆಗಿಲ್ವಲ್ಲೆ’ ಎಂದ.